ರಿವರ್ಸ್ ಗೇರಿನಲ್ಲಿ ಕಾರು ಮಾಡುವ ಸದ್ದುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂದಕ್ಕೆ ಓಡುವಾಗ ಇರದ ಸದ್ದೊಂದು ಹಿಂದಕ್ಕೆ ಸರಿಯುವಾಗ ಮಾತ್ರ ಕೇಳಿಸಿದರೆ ಕಾರಿನ ಮಾಲೀಕರು ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು ಕಾರಿಗೆ ಹುಟ್ಟಿನಿಂದಲೇ ಬಂದ ಸದ್ದಿಗೆ ಹೆದರಿ ಗೇರ್ ಬಾಕ್ಸ್ ಬಿಚ್ಚಿಸುತ್ತಾರೆ. ಇನ್ನು ಕೆಲವರು ಬಿಚ್ಚಿಸಲೇಬೇಕಾದ ಸದ್ದನ್ನು ‘ರಿವರ್ಸ್ ಎಂದರೆ ಹಾಗೆಯೇ’ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ. ಇವೆರಡನ್ನೂ ಬೇರ್ಪಡಿಸಲು ದೊಡ್ಡ ಉಪಕರಣ ಬೇಕಿಲ್ಲ. ಸದ್ದು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ಯಾವುದರ ಹಿಂದೆ ಹೋಗುತ್ತದೆ, ಅಂದರೆ ಗೇರ್ ಹಾಕುವ ಕ್ಷಣದ ಜೊತೆಗೋ, ಇಂಜಿನ್ನಿನ ವೇಗದ ಜೊತೆಗೋ, ಚಕ್ರದ ಸುತ್ತಿನ ಜೊತೆಗೋ, ಸ್ಟೇರಿಂಗ್ ತಿರುವಿನ ಜೊತೆಗೋ, ಬ್ರೇಕಿನ ಜೊತೆಗೋ ಎಂಬುದನ್ನು ಗಮನಿಸಿದರೆ ಬಹುಪಾಲು ಉತ್ತರ ಸಿಕ್ಕಂತೆಯೇ. ಕೆಳಗಿನ ಉತ್ತರಗಳನ್ನು ಮುಖ್ಯವಾಗಿ ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿರುವ ಮ್ಯಾನ್ಯುಯಲ್ ಗೇರಿನ ಸಣ್ಣ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಆಟೋಮ್ಯಾಟಿಕ್ ಮತ್ತು ವಿದ್ಯುತ್ ಕಾರುಗಳ ಮಾತು ನಡುವೆ ಬರುತ್ತದೆ.

ಹಿಂದಕ್ಕೆ ಸರಿಯುವಾಗ ‘ಗುಂಯ್’ ಎನ್ನುವ ಸದ್ದು ಬರುತ್ತದೆ, ವೇಗ ಹೆಚ್ಚಿದಂತೆ ಅದರ ಸ್ವರವೂ ಏರುತ್ತದೆ. ಇದು ದೋಷವೇ?

ಕಾರು ಹೊಸದಿದ್ದಾಗಿನಿಂದಲೂ ಹೀಗೆಯೇ ಇದ್ದರೆ ದೋಷವಲ್ಲ. ಮುಂದಿನ ಗೇರುಗಳ ಹಲ್ಲುಗಳನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಓರೆ ಹಲ್ಲುಗಳು ಒಂದು ತುದಿಯಿಂದ ಮೆಲ್ಲನೆ ಕೂಡಿಕೊಳ್ಳುತ್ತವೆ. ಒಂದು ಹಲ್ಲು ಪೂರ್ತಿ ಬಿಡುವ ಮೊದಲೇ ಮುಂದಿನದು ಭಾರವನ್ನು ಹಂಚಿಕೊಂಡಿರುತ್ತದೆ. ಆದ್ದರಿಂದ ಸದ್ದು ಕಡಿಮೆ. ಬಹಳಷ್ಟು ಮ್ಯಾನ್ಯುಯಲ್ ಕಾರುಗಳಲ್ಲಿ ರಿವರ್ಸ್ ಗೇರಿನ ಹಲ್ಲುಗಳು ಮಾತ್ರ ನೇರವಾಗಿರುತ್ತವೆ. ನೇರ ಹಲ್ಲು ತನ್ನ ಇಡೀ ಅಗಲದಲ್ಲಿ ಒಮ್ಮೆಲೇ ಎದುರಿನ ಹಲ್ಲಿಗೆ ತಾಗುತ್ತದೆ, ಒಮ್ಮೆಲೇ ಬಿಡುತ್ತದೆ. ಪ್ರತಿ ತಾಗುವಿಕೆಯೂ ಒಂದು ಚಿಕ್ಕ ಪೆಟ್ಟು. ಆ ಪೆಟ್ಟುಗಳ ಸರಣಿಯೇ ನಮ್ಮ ಕಿವಿಗೆ ಒಂದು ಸ್ವರವಾಗಿ ಕೇಳಿಸುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಇಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎಂದರೆ ಸೆಕೆಂಡಿಗೆ 25 ಸುತ್ತು. ಅದರ ಶಾಫ್ಟಿನ ಮೇಲಿರುವ ರಿವರ್ಸ್ ಗೇರಿಗೆ 12 ಹಲ್ಲುಗಳಿವೆ ಎಂದುಕೊಂಡರೆ ಸೆಕೆಂಡಿಗೆ 300 ಪೆಟ್ಟು, ಅಂದರೆ 300 ಹರ್ಟ್ಸ್. ಇದು ಮನುಷ್ಯರ ದನಿಯ ವ್ಯಾಪ್ತಿಯೊಳಗೇ ಬರುವ ಸ್ವರ, ನಮ್ಮ ಕಿವಿಗೆ ತಪ್ಪಿಸಿಕೊಳ್ಳಲಾಗದ ಸ್ವರ. ಆಕ್ಸಿಲರೇಟರ್ ಒತ್ತಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇದರ ಜೊತೆಗೆ, ನಾವು ರಿವರ್ಸ್ ತೆಗೆಯುವುದು ಸಾಮಾನ್ಯವಾಗಿ ಗೋಡೆಗಳ ನಡುವೆ, ಗೇಟಿನೊಳಗೆ, ಬೇಸ್‌ಮೆಂಟಿನಲ್ಲಿ. ಕಿಟಕಿ ಇಳಿಸಿರುತ್ತೇವೆ, ಹಾಡು ನಿಂತಿರುತ್ತದೆ, ಗಾಳಿಯ ಸದ್ದೂ ಇರುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ತಳಮಹಡಿಯಲ್ಲಿ ಭಯ ಹುಟ್ಟಿಸಿದ ಸದ್ದು ಊರಿನ ಬಯಲಿನಲ್ಲಿ ಅರ್ಧಕ್ಕಿಳಿಯುವುದು ಇದೇ ಕಾರಣಕ್ಕೆ.

ಹಾಗಾದರೆ ರಿವರ್ಸಿಗೂ ಓರೆ ಹಲ್ಲನ್ನೇ ಏಕೆ ಹಾಕುವುದಿಲ್ಲ?

ಎರಡು ಗೇರುಗಳು ಹಲ್ಲಿಗೆ ಹಲ್ಲು ಕೊಟ್ಟು ತಿರುಗಿದರೆ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಸುತ್ತುತ್ತದೆ. ಇವೆರಡರ ನಡುವೆ ಮೂರನೆಯದೊಂದನ್ನು ತೂರಿಸಿದರೆ ಕೊನೆಯ ಗೇರಿನ ದಿಕ್ಕು ಬದಲಾಗುತ್ತದೆ. ಈ ಮೂರನೆಯದಕ್ಕೆ ಐಡ್ಲರ್ ಗೇರು ಎಂದು ಹೆಸರು. ನೀವು ಗೇರ್ ಲಿವರನ್ನು ರಿವರ್ಸಿಗೆ ಎಳೆದಾಗ ಬಹಳಷ್ಟು ಗೇರ್ ಬಾಕ್ಸುಗಳಲ್ಲಿ ಈ ಐಡ್ಲರ್ ತನ್ನ ಶಾಫ್ಟಿನ ಮೇಲೆ ಜಾರಿಬಂದು ಉಳಿದೆರಡರ ನಡುವೆ ಕೂಡಿಕೊಳ್ಳುತ್ತದೆ. ಹಾಗೆ ಜಾರಿ ಕೂಡಲು ನೇರ ಹಲ್ಲೇ ಅನುಕೂಲ. ಓರೆ ಹಲ್ಲು ಭಾರ ಬಿದ್ದಾಗ ಗೇರನ್ನು ಪಕ್ಕಕ್ಕೂ ತಳ್ಳುತ್ತದೆ. ಜಾರುವ ಗೇರಿಗೆ ಆ ತಳ್ಳುವಿಕೆ ಸಿಕ್ಕರೆ ಅದು ಕಳಚಿಕೊಳ್ಳಲು ನೋಡುತ್ತದೆ. ದಿನಕ್ಕೆ ಕೆಲವೇ ಮೀಟರು ಬಳಕೆಯಾಗುವ ಗೇರಿಗಾಗಿ ಹೆಚ್ಚಿನ ಜಾಗ, ತೂಕ, ಹಣ ಸುರಿಯುವುದಕ್ಕಿಂತ ಸ್ವಲ್ಪ ಸದ್ದನ್ನು ಒಪ್ಪಿಕೊಳ್ಳುವುದು ಮೇಲು ಎಂದು ತಯಾರಕರು ತೀರ್ಮಾನಿಸಿದ್ದಾರೆ. ಕೆಲವು ಕಾರುಗಳಲ್ಲಿ ರಿವರ್ಸಿಗೂ ಓರೆ ಹಲ್ಲು, ಸಿಂಕ್ರೋ (ಗೇರು ಕೂಡುವ ಮೊದಲು ವೇಗ ಸರಿಹೊಂದಿಸುವ ಉಂಗುರ) ಎರಡೂ ಇರುತ್ತವೆ; ಅಂಥ ಕಾರಿನಿಂದ ಇಳಿದು ಇನ್ನೊಂದಕ್ಕೆ ಹತ್ತಿದವರಿಗೇ ಈ ಸದ್ದು ಹೆಚ್ಚು ಚುಚ್ಚುತ್ತದೆ.

ಈ ‘ಗುಂಯ್’ ಸದ್ದು ಯಾವಾಗ ದೋಷವಾಗುತ್ತದೆ?

ಬದಲಾದಾಗ. ಮೊದಲು ಇರದಿದ್ದು ಈಗ ಬಂದರೆ, ಇದ್ದ ಸ್ವರಕ್ಕೆ ‘ಗರಗರ’ ಎನ್ನುವ ಒರಟುತನ ಸೇರಿದರೆ, ಅಥವಾ ಅದೇ ಸದ್ದು ಮುಂದಿನ ಗೇರುಗಳಲ್ಲೂ ಕೇಳತೊಡಗಿದರೆ ಮೊದಲು ನೋಡಬೇಕಾದದ್ದು ಗೇರ್ ಬಾಕ್ಸ್ ಆಯಿಲ್. ಇಂಜಿನ್ ಆಯಿಲನ್ನು ವರ್ಷಕ್ಕೊಮ್ಮೆ ತಪ್ಪದೆ ಬದಲಿಸುವವರು ಕೂಡ ಗೇರ್ ಬಾಕ್ಸಿನೊಳಗೆ ಬೇರೆಯದೇ ಆಯಿಲ್ ಇದೆ ಎನ್ನುವುದನ್ನು ಮರೆತಿರುತ್ತಾರೆ. ಸಣ್ಣ ಕಾರುಗಳಲ್ಲಿ ಅದು ಸುಮಾರು 2 ಲೀಟರ್ ಮಾತ್ರ. ಚಕ್ರಕ್ಕೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿಗೆ ಸೇರುವ ಜಾಗದ ಆಯಿಲ್ ಸೀಲ್ ಒಸರಿದರೆ ದಿನಕ್ಕೆ ನಾಲ್ಕಾರು ಹನಿಗಳಂತೆ ಹೋಗುತ್ತಾ, ಒಂದು ದಿನ ಸದ್ದಿನ ಮೂಲಕವೇ ತಿಳಿಯುವಷ್ಟು ಕಡಿಮೆಯಾಗಿರುತ್ತದೆ. ಮಳೆಗಾಲದಲ್ಲಿ ಆಳವಾದ ನೀರಿನಲ್ಲಿ ಕಾರು ದಾಟಿಸಿದ್ದರೆ ಆಯಿಲಿನಲ್ಲಿ ನೀರು ಸೇರಿ ಅದು ಹಾಲು ಬೆರೆಸಿದಂತೆ ಕಾಣುವುದೂ ಉಂಟು. ಅಂಥದ್ದನ್ನು ಆ ದಿನವೇ ಬದಲಿಸಬೇಕು.

ಆಯಿಲ್ ಹಾಕಿಸುವಾಗ ಕಾರಿನ ಕೈಪಿಡಿಯಲ್ಲಿ ಬರೆದ ದರ್ಜೆಯನ್ನೇ ಹಾಕಿಸಿ. ‘ದಪ್ಪ ಆಯಿಲ್ ಹಾಕಿದರೆ ಸದ್ದು ಹೋಗುತ್ತದೆ’ ಎಂಬ ಸಲಹೆ ಗ್ಯಾರೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಸದ್ದು ಒಂದಿಷ್ಟು ಅಡಗುವುದೂ ನಿಜ. ಆದರೆ ಕೈಪಿಡಿಯಲ್ಲಿ ಜಿಎಲ್-4 ದರ್ಜೆ ಎಂದಿರುವ ಕಡೆ ಜಿಎಲ್-5 ಹಾಕಿದರೆ ಅದರಲ್ಲಿ ಹೆಚ್ಚಿನ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳು ಸಿಂಕ್ರೋದ ಹಿತ್ತಾಳೆ ಉಂಗುರಗಳನ್ನು ಕಾಲಕ್ರಮದಲ್ಲಿ ತಿನ್ನಬಲ್ಲವು. ರಿವರ್ಸಿನ ಸದ್ದು ಅಡಗಿಸಲು ಹೋಗಿ ಎರಡನೆಯ ಗೇರು ಕೆಡಿಸಿಕೊಂಡಂತಾಗುತ್ತದೆ.

ಮುಂದೆ ಹೋಗುವಾಗ ಸರಿಯಿದ್ದ ಭಾಗ ಹಿಂದಕ್ಕೆ ಬರುವಾಗ ಮಾತ್ರ ಸದ್ದು ಮಾಡುವುದು ಹೇಗೆ ಸಾಧ್ಯ?

ಗೇರಿನ ಪ್ರತಿ ಹಲ್ಲಿಗೂ ಎರಡು ಮೈಗಳಿವೆ. ಮುಂದಕ್ಕೆ ಎಳೆಯುವಾಗ ಒಂದು ಮೈ ಭಾರ ಹೊರುತ್ತದೆ, ಹಿಂದಕ್ಕೆ ಎಳೆಯುವಾಗ ಇನ್ನೊಂದು. ಎಡಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ಗೂ, ಡ್ರೈವ್ ಶಾಫ್ಟಿನ ಜಾಯಿಂಟಿಗೂ, ಇಂಜಿನ್ನನ್ನು ಕಾರಿಗೆ ಹಿಡಿದಿಡುವ ಮೌಂಟಿಂಗ್ ರಬ್ಬರಿಗೂ, ಬ್ರೇಕ್ ಶೂಗೂ ಇದೇ ಮಾತು ಅನ್ವಯಿಸುತ್ತದೆ. ಕಾರಿನ ಜೀವಮಾನದ ಬಹುಪಾಲು ಒಂದು ಕಡೆಗೇ ಭಾರ ಹೊತ್ತು ಪಳಗಿದ ಭಾಗಗಳು ರಿವರ್ಸ್ ಹಾಕಿದ ಕೂಡಲೇ ಎದುರು ಕಡೆಗೆ ಒರಗುತ್ತವೆ. ನಡುವೆ ಸಡಿಲವಿದ್ದರೆ ಆ ಸಡಿಲ ‘ಟಕ್’ ಎಂದು ತುಂಬಿಕೊಳ್ಳುತ್ತದೆ. ಹಾಗಾಗಿ ರಿವರ್ಸಿನಲ್ಲಿ ಸದ್ದು ಬಂತೆಂದ ಮಾತ್ರಕ್ಕೆ ಕೆಟ್ಟಿರುವುದು ರಿವರ್ಸ್ ಗೇರೇ ಆಗಿರಬೇಕಿಲ್ಲ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಅನಗತ್ಯವಾಗಿ ಗೇರ್ ಬಾಕ್ಸ್ ಇಳಿಸುವ ಖರ್ಚು ಎಷ್ಟೋ ಸಲ ತಪ್ಪುತ್ತದೆ.

ರಿವರ್ಸ್ ಹಾಕುವಾಗಲೇ ‘ಕರ್ರ್’ ಎಂದು ಹಲ್ಲು ಕಡಿದಂತೆ ಆಗುತ್ತದೆ. ಏನು ಮಾಡಬೇಕು?

ಕ್ಲಚ್ ತುಳಿದ ಮೇಲೂ ಗೇರ್ ಬಾಕ್ಸಿನೊಳಗಿನ ಶಾಫ್ಟ್ ತನ್ನ ವೇಗದಲ್ಲಿ ಸ್ವಲ್ಪ ಹೊತ್ತು ತಿರುಗುತ್ತಲೇ ಇರುತ್ತದೆ. ಮುಂದಿನ ಗೇರುಗಳಲ್ಲಿ ಸಿಂಕ್ರೋ ಎನ್ನುವ ಉಂಗುರ ಮೊದಲು ವೇಗಗಳನ್ನು ಸರಿಹೊಂದಿಸಿ, ಆಮೇಲೆ ಗೇರನ್ನು ಒಳಬಿಡುತ್ತದೆ. ರಿವರ್ಸಿಗೆ ಆ ಅನುಕೂಲ ಇಲ್ಲದ ಕಾರುಗಳಲ್ಲಿ ತಿರುಗುವ ಹಲ್ಲಿಗೆ ನಿಂತ ಹಲ್ಲು ತಗಲಿ ‘ಕರ್ರ್’ ಎನ್ನುತ್ತದೆ. ಹಳೆಯ ಅಂಬಾಸಿಡರಿನಲ್ಲಿ ಮೊದಲ ಗೇರಿಗೂ ಸಿಂಕ್ರೋ ಇರಲಿಲ್ಲ. ಆ ಕಾಲದ ಚಾಲಕರು ಕಾರು ಪೂರ್ತಿ ನಿಲ್ಲುವವರೆಗೆ ಲಿವರಿಗೆ ಕೈ ಹಾಕುತ್ತಿರಲಿಲ್ಲ. ಆ ಅಭ್ಯಾಸವನ್ನೇ ರಿವರ್ಸಿಗೆ ಉಳಿಸಿಕೊಳ್ಳಬೇಕು.

ಕಾರನ್ನು ಪೂರ್ತಿ ನಿಲ್ಲಿಸಿ, ಕ್ಲಚ್ ತಳಮುಟ್ಟ ತುಳಿದು, ಮೂರು ನಾಲ್ಕು ಸೆಕೆಂಡ್ ತಡೆದು ರಿವರ್ಸ್ ಹಾಕಿ. ಅಷ್ಟು ತಾಳ್ಮೆ ಇಲ್ಲದಿದ್ದರೆ ಕ್ಲಚ್ ಬಿಡದೆ ಒಮ್ಮೆ ಮುಂದಿನ ಯಾವುದಾದರೂ ಗೇರಿಗೆ ಹಾಕಿ ನಂತರ ರಿವರ್ಸಿಗೆ ಎಳೆಯಿರಿ. ಮುಂದಿನ ಗೇರಿನ ಸಿಂಕ್ರೋ ಶಾಫ್ಟನ್ನು ನಿಲ್ಲಿಸಿಬಿಡುತ್ತದೆ. ಇದರಿಂದ ಸದ್ದು ಹೋದರೆ ತಪ್ಪು ಅವಸರದ್ದು. ಐದಾರು ಸೆಕೆಂಡ್ ಕಾದ ಮೇಲೂ ‘ಕರ್ರ್’ ಎಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ತಿಳಿಯಬೇಕು. ಕೇಬಲ್ ಕ್ಲಚ್ ಇರುವ ಕಾರಿನಲ್ಲಿ ಕೇಬಲ್ ಹಿಗ್ಗಿರಬಹುದು ಅಥವಾ ಅಡ್ಜಸ್ಟ್‌ಮೆಂಟ್ ತಪ್ಪಿರಬಹುದು. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ದ್ರವ ಸೋರಿರಬಹುದು ಅಥವಾ ಗಾಳಿ ಸೇರಿರಬಹುದು. ಇವೆರಡೂ ಅಲ್ಲವಾದರೆ ಕ್ಲಚ್ ಪ್ಲೇಟನ್ನು ಒತ್ತಿಹಿಡಿಯುವ ಪ್ರೆಷರ್ ಪ್ಲೇಟಿನ ಸರದಿ. ಚಾಲಕರ ಕಾಲಿನ ಕೆಳಗಿನ ಮ್ಯಾಟ್ ಮಡಚಿಕೊಂಡು ಪೆಡಲ್ ಕೊನೆವರೆಗೆ ಹೋಗದಿರುವುದೂ ಉಂಟು. ಗ್ಯಾರೇಜಿಗೆ ಹೊರಡುವ ಮುನ್ನ ಅದನ್ನೊಮ್ಮೆ ಸರಿಸಿ ನೋಡುವುದಕ್ಕೆ ಕಾಸು ಖರ್ಚಿಲ್ಲ.

ಕಾರು ಇನ್ನೂ ಮುಂದಕ್ಕೆ ಉರುಳುತ್ತಿರುವಾಗಲೇ ರಿವರ್ಸಿಗೆ ಎಳೆಯುವುದು ಮಾತ್ರ ಅಭ್ಯಾಸಗಳಲ್ಲೆಲ್ಲ ಕೆಟ್ಟದ್ದು. ಹಲ್ಲಿನ ಅಂಚುಗಳು ಸವೆದು ದುಂಡಾಗುತ್ತವೆ, ಮುಂದೆ ಭಾರ ಬಿದ್ದಾಗ ಗೇರು ತಾನಾಗಿಯೇ ಕಳಚಿ ನ್ಯೂಟ್ರಲ್‌ಗೆ ಬೀಳತೊಡಗುತ್ತದೆ. ಆ ಹಂತ ತಲುಪಿದ ಮೇಲೆ ಆಯಿಲ್, ಕೇಬಲ್ ಯಾವುದೂ ಉಪಯೋಗಕ್ಕೆ ಬರುವುದಿಲ್ಲ, ಗೇರು ಬದಲಿಸಲೇಬೇಕು.

ಕ್ಲಚ್ ಬಿಡುತ್ತಿದ್ದಂತೆ ‘ಧಡ್’ ಎಂದು ಒಂದೇ ಪೆಟ್ಟು ಕೇಳುತ್ತದೆ, ಆಮೇಲೆ ಏನೂ ಇಲ್ಲ. ಇದೇನು?

ಮೊದಲ ಅನುಮಾನ ಇಂಜಿನ್ ಮೌಂಟಿಂಗ್ ಮೇಲೆ. ಇಂಜಿನ್ ಚಕ್ರಗಳನ್ನು ಒಂದು ಕಡೆಗೆ ತಿರುಗಿಸಿದಾಗ ತಾನು ಎದುರು ಕಡೆಗೆ ವಾಲುತ್ತದೆ. ರಿವರ್ಸಿನಲ್ಲಿ ಅದು ವಾಲುವ ದಿಕ್ಕು ಮುಂದಿನ ಗೇರುಗಳಿಗೆ ತದ್ವಿರುದ್ಧ. ಮೌಂಟಿಂಗ್ ರಬ್ಬರ್ ಸೀಳಿದ್ದರೆ ಇಂಜಿನ್ ಅಳತೆ ಮೀರಿ ಹೊರಳಿ ಲೋಹ ಲೋಹಕ್ಕೆ ತಾಗುತ್ತದೆ. ರಿವರ್ಸ್ ಗೇರಿನ ಅನುಪಾತ ಮೊದಲ ಗೇರಿನ ಆಸುಪಾಸಿನಲ್ಲೇ ಇರುವುದರಿಂದ ಈ ತಿರುಚುವಿಕೆ ಚಿಕ್ಕದೇನಲ್ಲ. ಡೀಸೆಲ್ ಕಾರುಗಳಲ್ಲಿ ಇನ್ನೂ ಜೋರು. ಇಂಜಿನ್ ಹೊರಳಿದಾಗ ಅದಕ್ಕೆ ಜೋಡಿಸಿದ ಸೈಲೆನ್ಸರ್ ಪೈಪೂ ಜೊತೆಗೆ ಅಲುಗುತ್ತದೆ. ಅದನ್ನು ತೂಗುಹಾಕಿರುವ ರಬ್ಬರ್ ಹರಿದಿದ್ದರೆ ಪೈಪು ಕಾರಿನ ತಳಕ್ಕೆ ಬಡಿಯುತ್ತದೆ.

ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ, ಕಾರಿನ ಮುಂದೆಯೂ ಹಿಂದೆಯೂ ಯಾರೂ ಇಲ್ಲದಂತೆ ನೋಡಿಕೊಂಡು, ಚಕ್ರಗಳಿಗೆ ಕಲ್ಲು ಕೊಟ್ಟು, ಬಾನೆಟ್ ತೆರೆದು, ಒಬ್ಬರು ಪಕ್ಕದಲ್ಲಿ ದೂರ ನಿಂತು ನೋಡುತ್ತಿರುವಾಗ ಇನ್ನೊಬ್ಬರು ಬ್ರೇಕ್ ಗಟ್ಟಿಯಾಗಿ ಒತ್ತಿಹಿಡಿದು ಕ್ಲಚ್ಚನ್ನು ಹಿಡಿಯುವ ಬಿಂದುವಿನವರೆಗೆ ಮಾತ್ರ ಬಿಡಬೇಕು. ಒಮ್ಮೆ ಮೊದಲ ಗೇರಿನಲ್ಲಿ, ಒಮ್ಮೆ ರಿವರ್ಸಿನಲ್ಲಿ. ಇಂಜಿನ್ ಸ್ವಲ್ಪ ವಾಲುವುದು ಸಹಜ. ಎದ್ದು ಕುಳಿತಂತೆ ನೆಗೆದರೆ ಮೌಂಟಿಂಗ್ ಹೋಗಿದೆ. ಒಂದು ಮೌಂಟಿಂಗ್ ಸೀಳಿದರೆ ಉಳಿದವುಗಳ ಮೇಲೆ ಭಾರ ಬಿದ್ದು ಅವೂ ಬೇಗ ಸೋಲುತ್ತವೆ, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ನೋಡಿಸುವುದು ಒಳ್ಳೆಯದು.

ಬೊಲೆರೊ, ಇನ್ನೋವಾ ಕ್ರಿಸ್ಟಾ, ಹಳೆಯ ಓಮ್ನಿಯಂತೆ ಹಿಂದಿನ ಚಕ್ರಗಳನ್ನು ಓಡಿಸುವ ವಾಹನಗಳಲ್ಲಿ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲರ್ ಶಾಫ್ಟಿನ ಕ್ರಾಸ್ (ಅದರ ತುದಿಯ ಜಾಯಿಂಟ್) ಸವೆದಿರುವುದೂ ಇಂಥದೇ ಪೆಟ್ಟನ್ನು ಕೊಡುತ್ತದೆ. ಮುಂದಕ್ಕೂ ಹಿಂದಕ್ಕೂ ಗೇರ್ ಬದಲಿಸಿದಾಗಲೆಲ್ಲ ‘ಟಣ್’ ಎಂಬ ಲೋಹದ ಸದ್ದು ಬಂದರೆ ಅದನ್ನೇ ಮೊದಲು ಹಿಡಿದು ಅಲುಗಾಡಿಸಿ ನೋಡುತ್ತಾರೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ಬಂದರೆ ‘ಟಕ ಟಕ ಟಕ’ ಎನ್ನುತ್ತದೆ, ನೇರ ಬಂದರೆ ಇಲ್ಲ.

ಡ್ರೈವ್ ಶಾಫ್ಟಿನ ಹೊರ ತುದಿಯ ಸಿ.ವಿ. ಜಾಯಿಂಟ್ ಸವೆದಿರುವುದರ ಲಕ್ಷಣ ಇದು. ಅದರೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ತಮ್ಮ ತಮ್ಮ ಹಳ್ಳಗಳಲ್ಲಿ ಓಡಾಡುತ್ತಿರುತ್ತವೆ. ಜಾಯಿಂಟನ್ನು ಮುಚ್ಚಿರುವ ಬೂಟ್ ರಬ್ಬರ್ ಹರಿದರೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಧೂಳು ಒಳಗೆ ಸೇರುತ್ತದೆ, ಹಳ್ಳಗಳು ಸವೆಯುತ್ತವೆ. ಚಕ್ರ ತಿರುಗಿಸಿದಾಗ ಜಾಯಿಂಟ್ ಹೆಚ್ಚು ಮಡಚಿಕೊಳ್ಳುವುದರಿಂದ ಸದ್ದು ಆಗಲೇ ಹೊರಬರುತ್ತದೆ. ಖಾಲಿ ಮೈದಾನದಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಮುಂದಕ್ಕೂ ಹಿಂದಕ್ಕೂ ನಿಧಾನವಾಗಿ ಸುತ್ತು ಹಾಕಿ ಯಾವ ಕಡೆಗೆ ಜೋರಾಗುತ್ತದೆ ಎಂದು ಗುರುತಿಸಿಕೊಳ್ಳಿ. ನಂತರ ಮುಂದಿನ ಚಕ್ರದ ಒಳಬದಿಗೆ ಟಾರ್ಚ್ ಹಿಡಿದು ಕಪ್ಪು ಗ್ರೀಸ್ ಸಿಡಿದಿದೆಯೇ ನೋಡಿ. ಬೂಟ್ ಹರಿದು ಇನ್ನೂ ಸದ್ದು ಶುರುವಾಗಿಲ್ಲದಿದ್ದರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಸದ್ದು ಶುರುವಾದ ಮೇಲೆ ಹೊಸ ಗ್ರೀಸ್ ತುಂಬಿಸುವುದು ಕೆಲವು ವಾರಗಳ ಸಮಾಧಾನ ಮಾತ್ರ.

ತಿರುಗಿಸಿದಾಗ ‘ಟಕಟಕ’ ಬದಲು ‘ಗೂಂ’ ಎಂದು ಇಂಜಿನ್ ಕಡೆಯಿಂದ ಸದ್ದು ಬಂದರೆ, ಮತ್ತು ನಿಮ್ಮದು ಹೈಡ್ರಾಲಿಕ್ ಪವರ್ ಸ್ಟೇರಿಂಗ್ ಆಗಿದ್ದರೆ, ಅದು ಪಂಪಿನ ಒತ್ತಡದ ಸದ್ದು. ಕೊನೆಮುಟ್ಟ ತಿರುಗಿಸಿ ಹಿಡಿದುಕೊಳ್ಳದೆ ಸ್ವಲ್ಪ ಸಡಿಲಿಸಿದರೆ ನಿಲ್ಲುತ್ತದೆ.

ಬೆಳಿಗ್ಗೆ ಮೊದಲ ಸಲ ಹಿಂದಕ್ಕೆ ತೆಗೆಯುವಾಗ ‘ಟಕ್’ ಎಂದು, ನಂತರ ‘ಕಿರ್ರ್’ ಎಂದು ಸದ್ದು ಬರುತ್ತದೆ. ಒಂದೆರಡು ಬೀದಿ ದಾಟಿದ ಮೇಲೆ ಇರುವುದಿಲ್ಲ.

ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ಉದ್ದಕ್ಕೂ ಕೇಳಿಬರುವ ದೂರು ಇದು. ರಾತ್ರಿಯ ತೇವಕ್ಕೆ ಬ್ರೇಕ್ ಡಿಸ್ಕಿನ ಮೇಲೂ ಡ್ರಮ್ಮಿನ ಒಳಗೂ ತೆಳುವಾದ ತುಕ್ಕಿನ ಪದರ ಕೂಡುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿದ್ದರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿಕೊಂಡಂತಾಗಿ, ಕಾರು ಹೊರಟಾಗ ‘ಟಕ್’ ಎಂದು ಬಿಡಿಸಿಕೊಳ್ಳುತ್ತದೆ. ಮನೆಯಿಂದ ಹೊರಡುವ ಮೊದಲ ಚಲನೆ ಬಹುತೇಕ ರಿವರ್ಸೇ ಆಗಿರುವುದರಿಂದ ಅಪವಾದ ರಿವರ್ಸ್ ಗೇರಿನ ಮೇಲೆ ಬರುತ್ತದೆ. ನಾಲ್ಕಾರು ಸಲ ಬ್ರೇಕ್ ಒತ್ತಿದರೆ ತುಕ್ಕು ಉಜ್ಜಿಹೋಗುತ್ತದೆ, ಚಿಂತಿಸಬೇಕಾದ್ದಿಲ್ಲ. ಕಾರು ತೊಳೆದ ಸಂಜೆಯೂ ಮಳೆಯ ರಾತ್ರಿಯೂ, ಜಾಗ ಸಮತಟ್ಟಾಗಿದ್ದರೆ, ಹ್ಯಾಂಡ್ ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುವುದು ಹಳಬರ ಕ್ರಮ, ಈಗಲೂ ಸರಿಯಾದ ಕ್ರಮ.

ಹಿಂದಕ್ಕೆ ಬರುತ್ತಾ ಬ್ರೇಕ್ ಒತ್ತಿದಾಗ ಮಾತ್ರ ‘ಕೀಂಯ್’ ಎಂದು ಕಿರುಚುತ್ತದೆ. ಮುಂದೆ ಹೋಗುವಾಗ ಬ್ರೇಕ್ ನಿಶ್ಶಬ್ದ.

ಡ್ರಮ್ ಬ್ರೇಕಿನಲ್ಲಿ ಎರಡು ಶೂಗಳಿರುತ್ತವೆ. ಕಾರು ಮುಂದೆ ಹೋಗುವಾಗ ಮುಂದಿನ ಶೂವನ್ನು ಡ್ರಮ್ಮೇ ತನ್ನತ್ತ ಎಳೆದುಕೊಳ್ಳುವುದರಿಂದ ಹೆಚ್ಚಿನ ಕೆಲಸ ಅದರದ್ದು, ಹೆಚ್ಚು ಸವೆಯುವುದೂ ಅದೇ. ಹಿಂದಕ್ಕೆ ಬರುವಾಗ ಪಾತ್ರ ಅದಲುಬದಲಾಗುತ್ತದೆ. ಅಷ್ಟಾಗಿ ಉಜ್ಜಿಸಿಕೊಳ್ಳದೆ ಮೇಲ್ಮೈ ಹೊಳಪುಗಟ್ಟಿರುವ ಹಿಂದಿನ ಶೂ ಈಗ ಭಾರ ಹೊತ್ತು ಕಿರುಚುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ತನ್ನ ಕೂಡಿನೊಳಗೆ ಕೂದಲೆಳೆಯಷ್ಟು ಆಡುತ್ತಿರುತ್ತದೆ, ದಿಕ್ಕು ಬದಲಾದ ಮೇಲೆ ಮೊದಲ ಬ್ರೇಕಿಗೆ ‘ಟಿಕ್’ ಎಂದು ಇನ್ನೊಂದು ತುದಿಗೆ ಸರಿಯುತ್ತದೆ. ಒಂದೇ ಒಂದು ‘ಟಿಕ್’ ಆದರೆ ಸಹಜ; ಪ್ರತಿ ಬ್ರೇಕಿಗೂ ದೊಡ್ಡದಾಗಿ ಬಡಿದರೆ ಪ್ಯಾಡಿನ ಕ್ಲಿಪ್ಪುಗಳು ಸಡಿಲವಾಗಿವೆ.

ಬಿಚ್ಚಿ ಸ್ವಚ್ಛಗೊಳಿಸಿ ಶೂವಿನ ಮೇಲ್ಮೈಯನ್ನು ಉಪ್ಪುಕಾಗದದಿಂದ ತಿಕ್ಕಿದರೆ ಬಹಳಷ್ಟು ಕಿರುಚಾಟ ನಿಲ್ಲುತ್ತದೆ. ಡ್ರಮ್ಮಿನೊಳಗಿನ ಧೂಳನ್ನು ಗಾಳಿ ಊದಿ ಹಾರಿಸಲು ಬಿಡಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಾರದ ಧೂಳು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಲೋಹ ಲೋಹವನ್ನು ಕೆರೆಯುವ ‘ಗರ್ರ್’ ಸದ್ದಾದರೆ ಪ್ಯಾಡ್ ಅಥವಾ ಲೈನರ್ ಮುಗಿದಿದೆ ಎಂದೇ ಅರ್ಥ. ಅಪರೂಪಕ್ಕೆ ಡಿಸ್ಕಿನ ಹಿಂದಿನ ತಗಡಿನ ನಡುವೆ ಸಿಕ್ಕಿಕೊಂಡ ಚಿಕ್ಕ ಜಲ್ಲಿಕಲ್ಲು ಕೂಡ ಇದೇ ಸದ್ದು ಮಾಡಿ ಹೆದರಿಸುತ್ತದೆ.

ಇಳಿಜಾರಿನ ರ್‍ಯಾಂಪಿನಲ್ಲಿ ರಿವರ್ಸ್ ಹತ್ತಿಸುವಾಗ ಕಾರು ‘ಗಡಗಡ’ ನಡುಗುತ್ತದೆ.

ಇದು ಕ್ಲಚ್ಚಿನ ನಡುಕ. ಮುಖ ಮೇಲಾಗಿ ಮುಂದಿನ ಗೇರಿನಲ್ಲಿ ಹತ್ತುವುದಕ್ಕಿಂತ ಬೆನ್ನು ಕೊಟ್ಟು ಹತ್ತುವಾಗ ಚಾಲಕರು ಹೆದರಿ ಹೆದರಿ ಅರ್ಧ ಕ್ಲಚ್ಚಿನಲ್ಲೇ ನಿಲ್ಲುತ್ತಾರೆ. ಪ್ಲೇಟ್ ಕಾಯುತ್ತದೆ, ಮೇಲ್ಮೈ ಸುಟ್ಟು ಹೊಳಪುಗಟ್ಟುತ್ತದೆ, ಹಿಡಿತ ಬಿಟ್ಟು ಬಿಟ್ಟು ಸಿಗುತ್ತದೆ. ಸುಟ್ಟ ವಾಸನೆ ಬಂದರೆ ಹ್ಯಾಂಡ್ ಬ್ರೇಕ್ ಹಾಕಿ ಕಾರನ್ನು ತಣಿಯಲು ಬಿಡಿ. ತಣಿದ ಮೇಲೂ ಸಮತಟ್ಟಾದ ನೆಲದಲ್ಲೂ ನಡುಕ ಉಳಿದರೆ ಪ್ಲೇಟಿಗೆ ಆಯಿಲ್ ತಾಗಿದೆಯೇ, ಇಂಜಿನ್ ಮೌಂಟಿಂಗ್ ಸರಿಯಿದೆಯೇ ಎಂದು ನೋಡಿಸಬೇಕು.

ನನ್ನದು ಆಟೋಮ್ಯಾಟಿಕ್. ಇದಕ್ಕೂ ಇವೆಲ್ಲ ಅನ್ವಯಿಸುತ್ತವೆಯೇ?

ಯಾವ ಆಟೋಮ್ಯಾಟಿಕ್ ಎಂಬುದರ ಮೇಲೆ ನಿಂತಿದೆ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮಲ್ಲಿ ಜನಪ್ರಿಯವಾದ ಎಎಂಟಿಯ ಒಳಗಿರುವುದು ಮಾಮೂಲಿ ಮ್ಯಾನ್ಯುಯಲ್ ಗೇರ್ ಬಾಕ್ಸೇ. ಕ್ಲಚ್ ತುಳಿಯುವ, ಲಿವರ್ ಎಳೆಯುವ ಕೆಲಸವನ್ನು ಯಂತ್ರ ಮಾಡುತ್ತದೆ. ಆದ್ದರಿಂದ ‘ಗುಂಯ್’ ಸದ್ದೂ ಹಾಗೆಯೇ ಇರುತ್ತದೆ, ಲಿವರನ್ನು ಆರ್‌ಗೆ ಸರಿಸಿದಾಗ ಬಾನೆಟ್ಟಿನ ಕೆಳಗೆ ‘ಚಿಕ್ ಚಿಕ್’ ಎಂದು ಆ ಯಂತ್ರ ಓಡಾಡುವುದೂ ಕೇಳುತ್ತದೆ.

ಟಾರ್ಕ್ ಕನ್ವರ್ಟರ್ ಮತ್ತು ಸಿವಿಟಿ ಬಗೆಯವು ಬೇರೆ. ಅಲ್ಲಿ ದಿಕ್ಕು ಬದಲಿಸುವುದು ಪ್ಲಾನೆಟರಿ ಗೇರುಗಳ (ನಡುವಿನ ಗೇರಿನ ಸುತ್ತ ತಿರುಗುವ ಗೇರುಗಳ) ಕೂಟ. ಸಣ್ಣ ಕುಲುಕು ಸಹಜ. ಆದರೆ ಆರ್‌ಗೆ ಹಾಕಿ ಎರಡು ಮೂರು ಸೆಕೆಂಡ್ ಏನೂ ಆಗದೆ ಆಮೇಲೆ ‘ಧಡ್’ ಎಂದು ಹಿಡಿದರೆ ಗೇರ್ ಬಾಕ್ಸಿನ ದ್ರವದ ಮಟ್ಟ, ಬಣ್ಣ, ವಾಸನೆ ನೋಡಿಸಲು ತಡಮಾಡಬಾರದು. ಈ ದ್ರವ ಬರೀ ಜಾರಿಕೆಗಲ್ಲ, ಕ್ಲಚ್ಚುಗಳನ್ನು ಒತ್ತಿ ಹಿಡಿಯುವ ಶಕ್ತಿಯೂ ಅದೇ. ಬೆಳಗಿನ ಚಳಿಯಲ್ಲಿ ಇಂಜಿನ್ ಜೋರಾಗಿ ತಿರುಗುತ್ತಿರುವಾಗ ಆರ್‌ಗೆ ಹಾಕಿದರೆ ಪೆಟ್ಟು ದೊಡ್ಡದಾಗಿರುತ್ತದೆ. ಇಂಜಿನ್ ವೇಗ ಇಳಿಯುವವರೆಗೆ ಕಾಯಿರಿ.

ವಿದ್ಯುತ್ ಕಾರಿಗೆ ರಿವರ್ಸ್ ಗೇರೇ ಇಲ್ಲವಲ್ಲ, ಮತ್ತೆ ಸದ್ದೇಕೆ?

ನಿಜ, ಮೋಟಾರ್ ಹಿಂದುಮುಂದಾಗಿ ತಿರುಗುತ್ತದೆ ಅಷ್ಟೇ. ಹಿಂದಕ್ಕೆ ಬರುವಾಗ ಕೇಳುವ ಹಾಡಿನಂಥ ಸದ್ದನ್ನು ಬೇಕೆಂದೇ ಇಟ್ಟಿರುತ್ತಾರೆ. ಸದ್ದಿಲ್ಲದೆ ಬರುವ ಕಾರು ಪಾದಚಾರಿಗಳಿಗೆ, ಅದರಲ್ಲೂ ಕಣ್ಣು ಕಾಣದವರಿಗೆ ಅಪಾಯವೆಂದು ವಿಶ್ವಸಂಸ್ಥೆಯ ವಾಹನ ನಿಯಮ 138 ಗಂಟೆಗೆ 20 ಕಿ.ಮೀ. ವೇಗದವರೆಗೆ ಮತ್ತು ಹಿಂದಕ್ಕೆ ಬರುವಾಗ ಎಚ್ಚರಿಕೆಯ ಸದ್ದು ಇರಬೇಕೆಂದು ಹೇಳುತ್ತದೆ. ಯುರೋಪಿನಲ್ಲಿ 2019ರ ಜುಲೈ 1ರಿಂದ ಹೊಸ ಮಾದರಿಗಳಿಗೂ, 2021ರ ಜುಲೈ 1ರಿಂದ ಮಾರಾಟವಾಗುವ ಎಲ್ಲ ಹೊಸ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಿಗೂ ಇಂಥ ಸದ್ದು ಕಡ್ಡಾಯವಾಯಿತು. ಇದರಾಚೆಗೆ ‘ಟಕ್’, ‘ಗರಗರ’ ಬಂದರೆ ವಿದ್ಯುತ್ ಕಾರಿಗೂ ಡ್ರೈವ್ ಶಾಫ್ಟ್, ಬ್ರೇಕ್, ಮೌಂಟಿಂಗ್ ಇವೆ ಎಂಬುದನ್ನು ನೆನೆಯಬೇಕು. ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕಿನ ಬಳಕೆ ಕಡಿಮೆ, ಹಾಗಾಗಿ ಡಿಸ್ಕಿನ ತುಕ್ಕಿನ ಸದ್ದು ಇವುಗಳಲ್ಲಿ ಇನ್ನೂ ಹೆಚ್ಚು.

ಹಿಂದೆ ಏನೂ ಇಲ್ಲದಿದ್ದರೂ ಸೆನ್ಸರ್ ‘ಬೀಪ್’ ಎನ್ನುತ್ತಲೇ ಇರುತ್ತದೆ.

2019ರ ಜುಲೈ 1ರಿಂದ ಭಾರತದಲ್ಲಿ ಕಾರುಗಳಿಗೆ ಹಿಂಬದಿಯ ಪಾರ್ಕಿಂಗ್ ಎಚ್ಚರಿಕೆ ಕಡ್ಡಾಯವಾದ ಮೇಲೆ ಈ ದೂರು ಮನೆಮನೆಯದಾಗಿದೆ. ಬಂಪರಿನ ಗುಂಡಿಗಳು ಸುಮಾರು 40 ಕಿಲೋಹರ್ಟ್ಸ್‌ನ ಆಸುಪಾಸಿನ, ನಮ್ಮ ಕಿವಿಗೆ ಕೇಳದ ಸದ್ದನ್ನು ಹೊರಡಿಸಿ ಮಾರ್ದನಿಗೆ ಕಾಯುತ್ತವೆ. ಒಂದು ಮೀಟರ್ ದೂರದ ಗೋಡೆಯಿಂದ ಮಾರ್ದನಿ ಬರಲು ಸುಮಾರು 6 ಮಿಲಿಸೆಕೆಂಡ್ ಸಾಕು. ಗುಂಡಿಯ ಮೇಲೆ ಒಣಗಿದ ಕೆಸರು, ನೀರಹನಿ, ಸಗಣಿಯ ಸಿಡಿತ ಇದ್ದರೆ ಅದನ್ನೇ ಅಡ್ಡಿಯೆಂದು ತಿಳಿಯುತ್ತವೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬಂಪರ್ ತಾಗಿಸಿಕೊಂಡ ಮೇಲೆ ಗುಂಡಿ ನೆಲದತ್ತ ವಾಲಿದ್ದರೆ ನೆಲವೇ ಅಡ್ಡಿಯಾಗಿ ಕಾಣುತ್ತದೆ. ಕಾರಿನ ಹಿಂದೆ ನಿಂತವರಿಗೆ ಗುಂಡಿಗಳಿಂದ ‘ಟಿಕ್ ಟಿಕ್’ ಎಂದು ಮೆಲ್ಲಗೆ ಕೇಳಿದರೆ ಅದು ಸೆನ್ಸರ್ ಜೀವಂತವಾಗಿರುವ ಗುರುತು.

ಕೆಲವು ಸಣ್ಣ ಸದ್ದುಗಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅವೇನು?

ಹಿಂದಿನ ಸೀಟಿನ ಕೆಳಗಿನಿಂದ ‘ಗುಳುಗುಳು’ ಎಂದರೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ಪೆಟ್ರೋಲ್ ತುಳುಕಿದ್ದು. ಡಿಕ್ಕಿಯಿಂದ ‘ಕಟಕ್’ ಎಂದರೆ ಜಾಕ್ ಮತ್ತು ಸ್ಪ್ಯಾನರ್ ತಮ್ಮ ಜಾಗದಲ್ಲಿಲ್ಲ. ಊರಿಂದ ಬಂದ ವಾರದಲ್ಲಿ ಒಮ್ಮೆ ನಾನೇ ಹಿಂದಿನ ಆ್ಯಕ್ಸಲ್ ಹೋಯಿತೆಂದು ಗ್ಯಾರೇಜಿಗೆ ಒಯ್ದಿದ್ದೆ. ಮೆಕ್ಯಾನಿಕ್ ಡಿಕ್ಕಿ ತೆರೆದು ಸ್ಟೆಪ್ನಿಯ ಪಕ್ಕದಿಂದ ಎರಡು ತೆಂಗಿನಕಾಯಿ ತೆಗೆದುಕೊಟ್ಟರು. ಅಂದಿನಿಂದ ಮೊದಲು ಡಿಕ್ಕಿ ಖಾಲಿ ಮಾಡಿ, ಆಮೇಲೆ ಕಿವಿ ಕೊಡುತ್ತೇನೆ.

ಸದ್ದಿನ ಮೂಲವನ್ನು ಮನೆಯಲ್ಲೇ ಹೇಗೆ ಅಂದಾಜು ಮಾಡುವುದು?

ಕಾರನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಕ್ಲಚ್ ತುಳಿಯದೆ ಕೇಳಿ. ಆಗ ಇದ್ದ ‘ಗರಗರ’ ಕ್ಲಚ್ ತುಳಿದಾಗ ನಿಂತರೆ ಗೇರ್ ಬಾಕ್ಸಿನೊಳಗಿನ ಶಾಫ್ಟಿನ ಬೇರಿಂಗ್ ಮೇಲೆ ಅನುಮಾನ. ಕ್ಲಚ್ ತುಳಿದಾಗಲೇ ಶುರುವಾದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ. ಆಮೇಲೆ ರಿವರ್ಸಿನಲ್ಲಿ ನಡಿಗೆಯ ವೇಗಕ್ಕೆ ಬನ್ನಿ, ಕ್ಲಚ್ ತುಳಿದು ಉರುಳಲು ಬಿಡಿ. ಇಂಜಿನ್ ವೇಗದೊಂದಿಗೆ ಏರಿಳಿಯುತ್ತಿದ್ದ ಸದ್ದು ಗೇರಿನ ಕಡೆಯದು. ಉರುಳುವಾಗಲೂ ಚಕ್ರದ ಲಯದಲ್ಲೇ ಉಳಿದದ್ದು ಚಕ್ರ, ಬ್ರೇಕ್ ಅಥವಾ ಬೇರಿಂಗಿನದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ಸಣ್ಣ ಕಾರಿನ ಚಕ್ರ ನಿಮಿಷಕ್ಕೆ ಸುಮಾರು 45 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ. ಹಾಗಾಗಿ ಸುತ್ತಿಗೊಂದು ಸದ್ದಾದರೆ ಬಾಯಲ್ಲಿ ಎಣಿಸಬಹುದು. ಟಯರಿಗೆ ಸಿಕ್ಕಿದ ಮೊಳೆಯೂ ಹೀಗೆಯೇ ಸುತ್ತಿಗೊಮ್ಮೆ ‘ಟಕ್’ ಎನ್ನುತ್ತದೆ.

ಬರೀ ಜಾಕ್ ಮೇಲೆ ಎತ್ತಿದ ಕಾರಿನ ಕೆಳಗೆ ತಲೆ ಹಾಕಬೇಡಿ, ಇಂಜಿನ್ ಓಡಿಸಿ ಚಕ್ರ ತಿರುಗಿಸುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ. ಅದು ಲಿಫ್ಟ್ ಇರುವ ಗ್ಯಾರೇಜಿನ ಕೆಲಸ.

ಗ್ಯಾರೇಜಿಗೆ ಒಯ್ದರೆ ಸದ್ದೇ ಬರುವುದಿಲ್ಲ. ಹೇಗೆ ವಿವರಿಸಲಿ?

ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕಾರಿನೊಳಗಿನಿಂದ ಒಂದು, ಪಕ್ಕದಲ್ಲಿ ನಡೆಯುತ್ತಾ ಇನ್ನೊಬ್ಬರಿಂದ ಒಂದು. ‘ರಿವರ್ಸ್ ಸೌಂಡ್ ಇದೆ’ ಎಂದು ಬರೆಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಬೆಳಿಗ್ಗೆ ಮೊದಲ ಸಲ, ಬಲಕ್ಕೆ ಪೂರ್ತಿ ತಿರುಗಿಸಿದಾಗ, ಮುಂದಿನ ಎಡ ಚಕ್ರದ ಕಡೆಯಿಂದ ಟಕಟಕ’ ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ. ಕಾರು ವಾರಂಟಿಯಲ್ಲಿದ್ದರೆ ಈ ಬರಹ ಇನ್ನೂ ಮುಖ್ಯ. ಅವಧಿ ಮುಗಿಯುವ ಮೊದಲೇ ದೂರು ದಾಖಲಾಗಿತ್ತು ಎಂಬುದಕ್ಕೆ ಅದೇ ಆಧಾರ. ‘ಎಲ್ಲ ಕಾರಿಗೂ ಹೀಗೇ’ ಎಂಬ ಉತ್ತರ ಬಂದರೆ ಅದೇ ಮಾದರಿಯ, ಅಷ್ಟೇ ಓಡಿದ ಇನ್ನೊಂದು ಕಾರನ್ನು ಅಲ್ಲಿಯೇ ರಿವರ್ಸ್ ತೆಗೆದು ತೋರಿಸುವಂತೆ ವಿನಯದಿಂದ ಕೇಳಿ. ಹೆಚ್ಚಿನ ಸಲ ಅವರ ಮಾತು ನಿಜವೇ ಆಗಿರುತ್ತದೆ.

ಯಾವ ಸದ್ದು ಬಂದರೆ ಕಾರನ್ನು ಓಡಿಸಲೇಬಾರದು?

ಬ್ರೇಕಿನಿಂದ ಲೋಹ ಕೆರೆಯುವ ಸದ್ದು, ಗೇರ್ ಬಾಕ್ಸಿನಿಂದ ಹಲ್ಲು ಮುರಿದಂತೆ ಲಯಬದ್ಧವಾಗಿ ಬರುವ ಪೆಟ್ಟು, ರಿವರ್ಸ್ ತಾನಾಗಿ ಕಳಚಿಕೊಳ್ಳುವುದು, ಮತ್ತು ಸದ್ದಿನ ಜೊತೆಗೆ ನೆಲದ ಮೇಲೆ ಆಯಿಲ್ ಕಾಣಿಸುವುದು. ಮುರಿದ ಹಲ್ಲಿನ ಚೂರು ಗೇರ್ ಬಾಕ್ಸಿನೊಳಗೇ ಉಳಿದು ಉಳಿದ ಗೇರುಗಳ ನಡುವೆ ಸಿಕ್ಕಿಕೊಂಡರೆ, ರಿವರ್ಸ್ ಬಳಸದೆ ಮುಂದಕ್ಕೆ ಮಾತ್ರ ಓಡಿಸುತ್ತೇನೆ ಎಂದರೂ ಉಳಿಗಾಲವಿಲ್ಲ. ಟೋ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ರಿವರ್ಸಿನಲ್ಲಿ ಏನು ನೋಡಬೇಕು?

ಟ್ರಯಲ್ ಎಂದರೆ ಮುಖ್ಯರಸ್ತೆಯಲ್ಲಿ ಮುಂದಕ್ಕೆ ಓಡಿಸುವುದು ಎಂದೇ ಮಾರುವವರೂ ಕೊಳ್ಳುವವರೂ ತಿಳಿದಿರುತ್ತಾರೆ. ರೇಡಿಯೋ ಆರಿಸಿ, ಕಿಟಕಿ ಇಳಿಸಿ, ಗೋಡೆಯ ಪಕ್ಕದಲ್ಲಿ ಐವತ್ತು ಅಡಿ ನೇರ ರಿವರ್ಸ್ ಬನ್ನಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ಒಂದೊಂದು ಸುತ್ತು ಬನ್ನಿ, ಸಣ್ಣ ಏರೊಂದರಲ್ಲಿ ಹಿಂದಕ್ಕೆ ಹತ್ತಿಸಿ, ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಗೇರು ಕಳಚುವುದಿದ್ದರೆ ಆ ಏರಿನಲ್ಲೇ ಕಳಚುತ್ತದೆ. ಕಾರು ಬಿಸಿಯಾದ ಮೇಲೆ ಇದನ್ನೆಲ್ಲ ಇನ್ನೊಮ್ಮೆ ಮಾಡಿ, ಏಕೆಂದರೆ ತಣ್ಣಗಿನ ದಪ್ಪ ಆಯಿಲ್ ಮುಚ್ಚಿಟ್ಟ ಸದ್ದನ್ನು ಬಿಸಿಯಾಗಿ ತೆಳುವಾದ ಆಯಿಲ್ ಹೊರಗೆಡಹುತ್ತದೆ. ಕೊನೆಗೆ, ಕಾರು ರಾತ್ರಿಯೆಲ್ಲ ನಿಂತಿದ್ದ ಜಾಗಕ್ಕೆ ಹೋಗಿ ನೆಲ ನೋಡಿ. ಅಲ್ಲಿ ಹೊಸದಾಗಿ ಮಣ್ಣು ಅಥವಾ ಮರದ ಹೊಟ್ಟು ಚೆಲ್ಲಿದ್ದರೆ ಅದನ್ನು ಕಾಲಿನಿಂದ ಸರಿಸಿ ಇನ್ನೊಮ್ಮೆ ನೋಡಿ.